ಕೇಳಿ, ಹೇಳ್ತೀವಿ: ಟ್ಯೂಬ್ ಆಂಪ್ ತಗೊಳ್ಳೋಕೆ ಮುಂಚೆ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಟ್ಯೂಬ್ ಆಂಪ್ಲಿಫೈಯರ್, ಅಂದ್ರೆ ಗಾಜಿನ ಟ್ಯೂಬ್ (ವಾಲ್ವ್) ಹಾಕಿರೋ ಆಂಪ್, ಅದರ ಬಗ್ಗೇನೇ ಇವೆ, ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀವಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ನೀವು ಬರೆದ ಹಾಗೇ ಕಾಣ್ಲಿಲ್ಲ ಅಂತ ಬೇಜಾರಾಗ್ಬೇಡಿ.

ಪ್ರಶ್ನೆ: ಸರ್, 300ಬಿ ಸಿಂಗಲ್ ಎಂಡೆಡ್ ಆಂಪ್ ಒಂದರ ಮೇಲೆ ಮನಸ್ಸಾಗಿದೆ, 8 ವಾಟ್ ಅಂತ ಬರೆದಿದಾರೆ. ನನ್ನ ಹತ್ರ ಇರೋದು ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್, ಸೆನ್ಸಿಟಿವಿಟಿ 86 ಡಿಬಿ. 8 ಓಮ್ ಅಂತ ಹಿಂದೆ ಬರೆದಿದ್ರೂ ಒಂದು ಕಡೆ 4 ಓಮ್‌ಗೆ ಇಳಿಯತ್ತಂತೆ. ಸಾಕಾಗತ್ತಾ?

ಉತ್ತರ: ಈ ಜೋಡಿ ಕೂಡಿ ಬರಲ್ಲ. ಸಿಂಗಲ್ ಎಂಡೆಡ್ ಅಂದ್ರೆ ಸ್ಪೀಕರ್ ಓಡಿಸೋಕೆ ಒಂಟಿ ಟ್ಯೂಬ್, ಇಲ್ಲಿ ಅದು 300ಬಿ. ಯಾಕೆ ಅಂತ ಲೆಕ್ಕ ಹಾಕೇ ಹೇಳ್ತೀನಿ, ಈ ಲೆಕ್ಕ ಒಂದ್ಸಲ ಕೈಗೆ ಹತ್ತಿದ್ರೆ ಮುಂದೆ ಯಾವ ಆಂಪ್ ನೋಡಿದ್ರೂ ನೀವೇ ತೀರ್ಮಾನ ಮಾಡ್ಬೋದು. 86 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಅಂದ್ರೆ ಸ್ಪೀಕರ್‌ಗೆ 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ್ರೆ ಬರೋ ಸದ್ದು. ಪವರ್ ಡಬಲ್ ಮಾಡಿದ್ರೆ ಸಿಗೋದು ಬರೀ 3 ಡಿಬಿ, ಹತ್ತು ಪಟ್ಟು ಮಾಡಿದ್ರೆ 10 ಡಿಬಿ, ಆ 10 ಡಿಬಿ ಸೇರಿದಾಗ್ಲೇ ನಮ್ಮ ಕಿವಿಗೆ ಸದ್ದು ಹೆಚ್ಚುಕಮ್ಮಿ ಎರಡರಷ್ಟಾಯ್ತು ಅನ್ಸೋದು. ಈಗ ನಿಮ್ಮ 8 ವಾಟ್‌ಗೆ 86ರ ಮೇಲೆ 9 ಸೇರಿ 95 ಆಯ್ತು, ಎರಡು ಸ್ಪೀಕರ್ ಇರೋದ್ರಿಂದ ಇನ್ನೊಂದು 3 ಹಾಕೋಣ, ಆದ್ರೆ ನೀವು ಕೂರೋದು ಸ್ಪೀಕರ್ ಮೂತಿ ಹತ್ರ ಅಲ್ವಲ್ಲ, ಮೂರು ಮೀಟರ್ ದೂರ ಕೂತ್ರೆ ಸಾಮಾನ್ಯ ರೂಮಲ್ಲಿ 5-6 ಡಿಬಿ ಕಳ್ಕೊಳ್ತೀರಿ, ಕೊನೆಗೆ ಉಳಿಯೋದು 92ರ ಆಸುಪಾಸು. ಅದೂ ಸರಾಸರಿ ಅಲ್ಲ, ಆಂಪ್ ಉಸಿರು ಕಟ್ಟೋ ತುದಿ ಅದು. ಚೆನ್ನಾಗಿ ರೆಕಾರ್ಡ್ ಆಗಿರೋ ಸಂಗೀತದಲ್ಲಿ ಸರಾಸರಿಗೂ ತುದಿಗೂ 15 ಡಿಬಿ ಅಂತರ ಇರೋದು ಮಾಮೂಲಿ, ಅಂದ್ರೆ ನೀವು ನಿಜವಾಗಿ ಕೇಳೋ ಮಟ್ಟ 77 ಡಿಬಿ ಹತ್ರ ನಿಲ್ಲತ್ತೆ. ರಾತ್ರಿ ಹೊತ್ತು ಒಬ್ಬರೇ ಕೂತು ಒಂದು ದನಿ, ಒಂದು ಗಿಟಾರು ಕೇಳೋರಿಗೆ ಇದು ಸಾಕು. ಡ್ರಮ್ಸು, ಪಿಯಾನೊ, ದೊಡ್ಡ ಆರ್ಕೆಸ್ಟ್ರಾ ಅಂದ್ರೆ ಸಾಕಾಗಲ್ಲ, ಏಟು ಬಿದ್ದಾಗೆಲ್ಲ ಸದ್ದು ಮುದುಡಿಕೊಳ್ಳತ್ತೆ.

ಇನ್ನೂ ಒಂದು ವಿಷ್ಯ ಇದೆ, ಇದನ್ನ ಮಾರೋರು ಬಾಯಿ ಬಿಟ್ಟು ಹೇಳಲ್ಲ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನ ವಾಪಸ್ ಒಳಗೆ ತಂದು ತಪ್ಪು ತಿದ್ಕೊಳ್ಳೋ ಏರ್ಪಾಡು) ಇಲ್ಲದ ಸಿಂಗಲ್ ಎಂಡೆಡ್ ಆಂಪ್‌ಗಳ ಔಟ್‌ಪುಟ್ ಇಂಪೀಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) ಜಾಸ್ತಿ, 2-3 ಓಮ್ ಇರೋದು ಸಾಮಾನ್ಯ. ಸ್ಪೀಕರ್ ಇಂಪೀಡೆನ್ಸ್ ಒಂದೇ ಥರ ಇರಲ್ಲ, ಒಂದು ಫ್ರೀಕ್ವೆನ್ಸಿಯಲ್ಲಿ 4 ಓಮ್ ಇದ್ರೆ ಇನ್ನೊಂದರಲ್ಲಿ 20 ಆಗಿರತ್ತೆ. 3 ಓಮ್ ಇರೋ ಆಂಪ್ ಇದಕ್ಕೆ ಸೇರಿದ್ರೆ 4 ಓಮ್ ಇರೋ ಕಡೆ ಸದ್ದು ಕುಗ್ಗಿ, 20 ಓಮ್ ಇರೋ ಕಡೆ ಎದ್ದು ನಿಲ್ಲತ್ತೆ, ಎರಡರ ಅಂತರ ಸುಮಾರು ಮೂರೂವರೆ ಡಿಬಿ. ಅದೇ 0.1 ಓಮ್ ಇರೋ ಟ್ರಾನ್ಸಿಸ್ಟರ್ ಆಂಪ್ ಹಾಕಿದ್ರೆ 0.2 ಡಿಬಿನೂ ಬರಲ್ಲ. ಅಂದ್ರೆ ನೀವು ಗೊತ್ತಿಲ್ದೇ ಒಂದು ಟೋನ್ ಕಂಟ್ರೋಲ್ ತಿರುಗಿಸಿಟ್ಟಂಗೆ ಆಯ್ತು, ಅದು ನಿಮ್ಮ ಸ್ಪೀಕರ್‌ಗೆ ಚೆನ್ನಾಗಿ ಕೂರ್ಬೋದು, ಕೆಡಿಸ್ಲೂಬೋದು, ಅದೃಷ್ಟ ಅಷ್ಟೇ.

ಸ್ಪೆಕ್ ನೋಡುವಾಗ ಇನ್ನೊಂದು ಎಚ್ಚರ. ಸೆನ್ಸಿಟಿವಿಟಿ ಪಕ್ಕ 1 ವಾಟ್ ಅಂತ ಇದೆಯಾ 2.83 ವೋಲ್ಟ್ ಅಂತ ಇದೆಯಾ ನೋಡ್ಕೊಳ್ಳಿ. 8 ಓಮ್‌ಗೆ 2.83 ವೋಲ್ಟ್ ಅಂದ್ರೆ ಸರಿಯಾಗಿ 1 ವಾಟ್, ಆದ್ರೆ 4 ಓಮ್ ಸ್ಪೀಕರ್‌ಗೆ ಅದೇ ವೋಲ್ಟೇಜು 2 ವಾಟ್ ಆಗತ್ತೆ, ಹಾಗಾಗಿ ಅಂಥ ಸ್ಪೀಕರ್ ಮೇಲೆ 89 ಅಂತ ಬರೆದಿದ್ರೆ ಮನಸ್ಸಲ್ಲಿ 86 ಅಂತ ಓದ್ಕೊಳ್ಳಿ.

ಈಗ ದಾರಿ ಎರಡು. ಸ್ಪೀಕರ್ ಬಿಡೋ ಮನಸ್ಸಿಲ್ಲ ಅಂದ್ರೆ 300ಬಿ ಆಸೆ ಬಿಟ್ಟು ಇಎಲ್34 ಅಥವಾ ಕೆಟಿ88 ಪುಶ್-ಪುಲ್ (ಎರಡು ಟ್ಯೂಬ್ ಜೋಡಿಯಾಗಿ ಕೆಲಸ ಮಾಡೋ ಥರದ್ದು) ನೋಡಿ, 35ರಿಂದ 50 ವಾಟ್. 300ಬಿನೇ ಬೇಕು ಅಂದ್ರೆ ಸ್ಪೀಕರ್ ಬದಲಾಯಿಸಿ, 95 ಡಿಬಿ ಹತ್ರ ಇರೋದು, ಇಂಪೀಡೆನ್ಸ್ ಜಾಸ್ತಿ ಏರಿಳಿತ ಇಲ್ದಿರೋದು. 86ರಿಂದ 95ಕ್ಕೆ ಹೋದ್ರೆ ನಿಮ್ಮ ಅದೇ 8 ವಾಟು ಹಳೇ ಸ್ಪೀಕರ್‌ನಲ್ಲಿ 63 ವಾಟ್ ಮಾಡೋ ಕೆಲಸ ಮಾಡತ್ತೆ.

ಪ್ರಶ್ನೆ: ಇಎಲ್84, ಇಎಲ್34, ಕೆಟಿ88, 300ಬಿ, ಇಷ್ಟರಲ್ಲಿ ಯಾವ ಟ್ಯೂಬ್ ಸೌಂಡ್ ಚೆನ್ನಾಗಿರತ್ತೆ? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಉತ್ತರ: ಪ್ರಶ್ನೆನೇ ತಲೆಕೆಳಗಾಗಿದೆ ಅನ್ಸತ್ತೆ ನಂಗೆ. ಟ್ಯೂಬ್ ಹೆಸರಿಂದ ನಿಮಗೆ ನಂಬಿಕೆಯಿಂದ ಗೊತ್ತಾಗೋದು ಪವರ್ ಎಷ್ಟು ಬರ್ಬೋದು ಅನ್ನೋದು ಮಾತ್ರ. ಒಂದು ಜೊತೆ ಇಎಲ್84 ಪುಶ್-ಪುಲ್‌ನಲ್ಲಿ 12ರಿಂದ 17 ವಾಟ್ ಕೊಡತ್ತೆ. ಇಎಲ್34 ಜೊತೆಗೆ 35 ಅಂತ ಇಟ್ಕೊಳ್ಳಿ, 1959ರ ಡೈನಾಕೊ ಸ್ಟೀರಿಯೊ 70 ಅಂದ್ರೆ ಇದೇ, ಚಾನೆಲ್‌ಗೆ 35. ಕೆಟಿ88 ಜೊತೆಗೆ 50 ಆರಾಮು, ಮೆಕಿಂಟಾಷ್‌ನೋರು 1961ರಲ್ಲಿ ಎಂಸಿ275ರಲ್ಲಿ ಅದೇ ಜೊತೆಯಿಂದ ಚಾನೆಲ್‌ಗೆ 75 ತೆಗೆದ್ರು. 300ಬಿ ಒಂಟಿಯಾಗಿ 8, 2ಎ3 ಒಂಟಿಯಾಗಿ ಮೂರೂವರೆ. ಇಷ್ಟು ಬಿಟ್ರೆ "ಇಎಲ್34 ಅಂದ್ರೆ ಮಧುರ, ಕೆಟಿ88 ಅಂದ್ರೆ ಗಡುಸು" ಅನ್ನೋ ಮಾತೆಲ್ಲ ಒಂದು ಆಂಪ್‌ನಲ್ಲಿ ನಿಜ, ಪಕ್ಕದ ಆಂಪ್‌ನಲ್ಲಿ ಸುಳ್ಳು.

ಆಂಪ್‌ನ ಹಣೆಬರಹ ಬರೆಯೋದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಟ್ಯೂಬ್‌ಗೆ ಸಾವಿರಾರು ಓಮ್ ಲೋಡ್ ಬೇಕು, ಸ್ಪೀಕರ್ ಇರೋದು 8 ಓಮ್, ನಡುವೆ ನಿಂತು ಇಬ್ಬರನ್ನೂ ಒಪ್ಪಿಸೋದು ಈ ಟ್ರಾನ್ಸ್‌ಫಾರ್ಮರ್. 5000 ಓಮ್‌ನ 8 ಓಮ್‌ಗೆ ಇಳಿಸ್ಬೇಕು ಅಂದ್ರೆ ಸುತ್ತುಗಳ ಅನುಪಾತ 25ಕ್ಕೆ 1. ಕೇಳೋಕೆ ಸುಲಭ, ಮಾಡೋದು ಕಷ್ಟ, ಯಾಕಂದ್ರೆ ಕೆಳಗಿನ ಬಾಸ್ ಸರಿಯಾಗಿ ಬರ್ಬೇಕು ಅಂದ್ರೆ ಕಬ್ಬಿಣ ಜಾಸ್ತಿ ಬೇಕು ಸುತ್ತು ಜಾಸ್ತಿ ಬೇಕು, ಸುತ್ತು ಜಾಸ್ತಿ ಆದಷ್ಟೂ ಮೇಲಿನ ಫ್ರೀಕ್ವೆನ್ಸಿ ಸೋರಿ ಹೋಗತ್ತೆ, ಅದನ್ನ ತಡಿಯೋಕೆ ಪ್ರೈಮರಿ (ಟ್ಯೂಬ್ ಕಡೆ ಸುತ್ತು), ಸೆಕೆಂಡರಿ (ಸ್ಪೀಕರ್ ಕಡೆ ಸುತ್ತು) ಎರಡನ್ನೂ ಪದರ ಪದರವಾಗಿ ಒಂದರೊಳಗೊಂದು ಸುತ್ಬೇಕು, ಅದಕ್ಕೆ ಕೂಲಿ ಜಾಸ್ತಿ. ಸಿಂಗಲ್ ಎಂಡೆಡ್‌ನಲ್ಲಿ ಇನ್ನೂ ಕಷ್ಟ, ಡಿಸಿ ಕರೆಂಟು ಪ್ರೈಮರಿಯಲ್ಲೇ ಹರಿಯೋದ್ರಿಂದ ಕೋರ್ ಸ್ಯಾಚುರೇಟ್ ಆಗ್ದಿರ್ಲಿ ಅಂತ ಮಧ್ಯ ಗಾಳಿ ಸಂದು ಬಿಡ್ತಾರೆ, ಸಂದು ಬಿಟ್ರೆ ಇಂಡಕ್ಟೆನ್ಸ್ ಬೀಳತ್ತೆ, ಬಿದ್ದಿದ್ದನ್ನ ಎತ್ತೋಕೆ ಮತ್ತೆ ಕಬ್ಬಿಣ. ಪುಶ್-ಪುಲ್‌ನಲ್ಲಿ ಎರಡು ಟ್ಯೂಬಿನ ಡಿಸಿ ಎದುರುಬದುರು ಹರಿದು ವಜಾ ಆಗತ್ತೆ, ಆ ತಾಪತ್ರಯ ಇಲ್ಲ. ಹಾಗಾಗಿ 8 ವಾಟಿನ ಒಳ್ಳೆ ಸಿಂಗಲ್ ಎಂಡೆಡ್ ಟ್ರಾನ್ಸ್‌ಫಾರ್ಮರ್ರು 30 ವಾಟಿನ ಪುಶ್-ಪುಲ್‌ದಕ್ಕಿಂತ ಭಾರ ಇದ್ರೆ ಆಶ್ಚರ್ಯ ಪಡ್ಬೇಡಿ, ಹಗುರ ಇದ್ರೆ ಅನುಮಾನ ಪಡಿ.

1947ರಲ್ಲಿ ವಿಲಿಯಮ್ಸನ್ ಅನ್ನೋ ಎಂಜಿನಿಯರ್ರು ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ 15 ವಾಟಿನ ಆಂಪ್ ಒಂದರ ವಿನ್ಯಾಸ ಕೊಟ್ರು, ಕೆಟಿ66 ಟ್ಯೂಬ್‌ಗಳನ್ನ ಟ್ರಯೋಡ್ ಥರ ಕನೆಕ್ಟ್ ಮಾಡಿ, ಸುತ್ತ 20 ಡಿಬಿ ಫೀಡ್‌ಬ್ಯಾಕ್ ಹಾಕಿ. ಅಷ್ಟು ಫೀಡ್‌ಬ್ಯಾಕ್ ಹಾಕಿದ್ರೂ ಆಂಪ್ ಆಸಿಲೇಟ್ ಆಗ್ದೇ ನಿಲ್ಬೇಕಾದ್ರೆ ಟ್ರಾನ್ಸ್‌ಫಾರ್ಮರ್ ಎಷ್ಟು ಅಗಲವಾದ ಬ್ಯಾಂಡ್‌ವಿಡ್ತ್ ಕೊಡ್ಬೇಕು ಅನ್ನೋದೇ ಆ ವಿನ್ಯಾಸದ ಜೀವ. ಅದನ್ನ ನೋಡಿ ಅಗ್ಗದ ಟ್ರಾನ್ಸ್‌ಫಾರ್ಮರ್ ಹಾಕ್ಕೊಂಡ್ರೆ ಸರ್ಕ್ಯೂಟ್ ಅದೇ ಇದ್ರೂ ಆಂಪ್ ಅದಲ್ಲ.

ಅಂಗಡಿಯಲ್ಲಿ ಇದನ್ನ ಹೇಗೆ ಅಳೆಯೋದು ಅಂದ್ರೆ ಸ್ಪೆಕ್ ಶೀಟ್‌ನಲ್ಲಿ ಒಂದು ಸಾಲು ಹುಡುಕಿ. ಫ್ರೀಕ್ವೆನ್ಸಿ ರೆಸ್ಪಾನ್ಸ್ 20ರಿಂದ 20,000 ಹರ್ಟ್ಸ್ ಅಂತ ಎಲ್ಲರೂ ಬರೀತಾರೆ, ಅದು 1 ವಾಟ್‌ನಲ್ಲಾ ಪೂರ್ತಿ ಪವರ್‌ನಲ್ಲಾ ಅನ್ನೋದೇ ಪ್ರಶ್ನೆ. 1 ವಾಟ್‌ನಲ್ಲಿ ಯಾವ ಟ್ರಾನ್ಸ್‌ಫಾರ್ಮರ್ರೂ ಸಭ್ಯವಾಗೇ ಇರತ್ತೆ, ಪೂರ್ತಿ ಪವರ್ ಕೊಟ್ಟು 30 ಹರ್ಟ್ಸ್ ಹಾಕಿದಾಗ ಬಣ್ಣ ಬಯಲಾಗೋದು. ಹಾಗೇ ವಾಟ್ ಪಕ್ಕ ಡಿಸ್ಟಾರ್ಷನ್ (ಸದ್ದು ಮೂಲದ ಹಾಗಿಲ್ದೆ ಕೆಡೋದು) ಎಷ್ಟು ಅಂತ ಬರೆದಿದಾರಾ ನೋಡಿ, 10 ಪರ್ಸೆಂಟ್ ಡಿಸ್ಟಾರ್ಷನ್‌ನಲ್ಲಿ ಅಳೆದು 12 ವಾಟ್ ಅನ್ನೋರೂ ಇದಾರೆ, 1 ಪರ್ಸೆಂಟ್‌ನಲ್ಲಿ ಅಳೆದು 8 ವಾಟ್ ಅನ್ನೋರೂ ಇದಾರೆ, ನಂಗೆ ಎರಡನೇ ಅವರ ಮೇಲೆ ನಂಬಿಕೆ ಜಾಸ್ತಿ.

ಪ್ರಶ್ನೆ: ಅಂಗೈ ಅಗಲದ ಡಬ್ಬಿ, ಮೇಲೆ ಎರಡು ಟ್ಯೂಬ್ ಕೆಂಪಗೆ ಹೊಳೀತಿವೆ, ಬ್ಲೂಟೂತ್ ಇದೆ, 100 ವಾಟ್ ಅಂತೆ. ಇದು ಟ್ಯೂಬ್ ಆಂಪಾ?

ಉತ್ತರ: ಹೆಸರಿಗೆ. ಸ್ಪೀಕರ್ ಓಡಿಸೋದು ಒಳಗಿರೋ ಕ್ಲಾಸ್-ಡಿ ಅನ್ನೋ ಟ್ರಾನ್ಸಿಸ್ಟರ್ ಆಂಪ್ ಚಿಪ್, ಟ್ಯೂಬ್‌ಗಳು ಅದರ ಮುಂದೆ ಸಣ್ಣ ಪ್ರೀಆಂಪ್ ಆಗಿ ಕೂತಿರತ್ವೆ, ಸಾಮಾನ್ಯವಾಗಿ 6ಜೆ1 ಅನ್ನೋ ಚಿಕ್ಕ ಟ್ಯೂಬು, ಅದಕ್ಕೂ ಕೊಡೋದು ಕಮ್ಮಿ ವೋಲ್ಟೇಜು. ಆ ಕೆಂಪು ಬೆಳಕೂ ಎಷ್ಟೋ ಸಲ ಕೆಳಗಿರೋ ಎಲ್‌ಇಡಿದು. ಗುರುತು ಹಿಡಿಯೋದು ಸುಲಭ: ಟ್ಯೂಬ್ ಔಟ್‌ಪುಟ್ ಆಂಪ್ ಅಂದ್ರೆ ಮೇಲೆ ಮೂರು ಟ್ರಾನ್ಸ್‌ಫಾರ್ಮರ್ ಇರ್ಲೇಬೇಕು, ಒಂದು ಕರೆಂಟ್‌ಗೆ ಎರಡು ಔಟ್‌ಪುಟ್‌ಗೆ, ಒಂದು ಕೈಯಲ್ಲಿ ಎತ್ತೋಕಾಗ್ಬಾರ್ದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಓಟಿಎಲ್ ಆಂಪ್‌ಗಳೂ ಇವೆ ನಿಜ, ಆದ್ರೆ ಅವು ಸಾಲುಸಾಲು ದಪ್ಪ ಟ್ಯೂಬ್ ಹೊತ್ಕೊಂಡು ಒಲೆ ಥರ ಕಾಯ್ತಾ ಇರತ್ವೆ, ಈ ಡಬ್ಬಿ ಅಲ್ಲ. ಹಾಗಂತ ಇದನ್ನ ಬೈಯ್ಯೋಕೂ ಹೋಗಲ್ಲ, ಮೇಜಿನ ಮೇಲಿಟ್ಟು ಕೇಳೋಕೆ ಆ ಚಿಪ್‌ಗಳು ಚೆನ್ನಾಗೇ ಇವೆ. ಟ್ಯೂಬ್‌ಗೋಸ್ಕರ ಜಾಸ್ತಿ ದುಡ್ಡು ಕೊಡ್ಬೇಡಿ ಅಷ್ಟೇ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಆಂಪ್ ನೋಡೋಕೆ ಹೋಗ್ತಿದೀನಿ, ಒಂದು ಗಂಟೆ ಟೈಮ್ ಕೊಟ್ಟಿದಾರೆ. ಏನೇನು ನೋಡ್ಲಿ, ಹೇಗೆ ಕೇಳ್ಲಿ?

ಉತ್ತರ: ಮೊದಲು ಫೋನ್ ಮಾಡಿ, ನೀವು ಬರೋ ಹೊತ್ತಿಗೆ ಆಂಪ್ ಆಫ್ ಆಗಿ ತಣ್ಣಗಿರ್ಲಿ ಅಂತ ಹೇಳಿ. ಕೆಲವು ತೊಂದ್ರೆ ಕಾದ ಮೇಲೆ ಮಾಯ ಆಗತ್ವೆ, ಅದನ್ನ ಮುಚ್ಚಿಡೋಕೇ ಮುಂಚೆ ಆನ್ ಮಾಡಿಡೋರು ಇರ್ತಾರೆ. ಆಗೋ ಹಾಗಿದ್ರೆ ನಿಮ್ಮ ಸ್ಪೀಕರ್ ಹೊತ್ಕೊಂಡು ಹೋಗಿ, ಮೇಲೆ ಹೇಳಿದ ಇಂಪೀಡೆನ್ಸ್ ಕಥೆ ಓದಿದ್ರೆ ಯಾಕೆ ಅಂತ ಗೊತ್ತಾಗತ್ತೆ, ಅವರ ಸ್ಪೀಕರ್‌ನಲ್ಲಿ ಕೇಳಿದ್ದು ನಿಮ್ಮ ಮನೇಲಿ ಕೇಳ್ಸಲ್ಲ.

ಆನ್ ಮಾಡೋಕೆ ಮುಂಚೆ ಟ್ಯೂಬ್‌ಗಳ ತಲೆ ಮೇಲೋ ಪಕ್ಕದಲ್ಲೋ ಇರೋ ಕನ್ನಡಿ ಥರದ ಬೆಳ್ಳಿ ಬಣ್ಣದ ಲೇಪ ನೋಡಿ, ಅದು ಗೆಟರ್. ಅದು ಹಾಲಿನ ಹಾಗೆ ಬಿಳಿಯಾಗಿದ್ರೆ ಗಾಜೊಳಗೆ ಗಾಳಿ ಹೋಗಿದೆ, ಟ್ಯೂಬ್ ಸತ್ತಿದೆ. ಟ್ರಾನ್ಸ್‌ಫಾರ್ಮರ್ ಹತ್ರ ಮೂಗಿಟ್ಟು ನೋಡಿ, ಸುಟ್ಟ ವಾರ್ನಿಶ್ ವಾಸನೆ ಬಂದ್ರೆ ಅಲ್ಲಿಂದ್ಲೇ ವಾಪಸ್ ಬನ್ನಿ.

ಆನ್ ಮಾಡಿ, ಏನೂ ಹಾಡು ಹಾಕ್ದೆ, ವಾಲ್ಯೂಮ್ ಪೂರ್ತಿ ಕೆಳಗಿಟ್ಟು ಸ್ಪೀಕರ್‌ಗೆ ಕಿವಿ ಹಚ್ಚಿ. ಸಣ್ಣ ಗುಂಯ್ ಇರತ್ತೆ, ತಪ್ಪಿಲ್ಲ, ಕೂರೋ ಜಾಗಕ್ಕೆ ಕೇಳಿಸ್ಬಾರ್ದು ಅಷ್ಟೇ. ಗುಂಯ್‌ನಲ್ಲೂ ಎರಡು ಜಾತಿ: ನಿಮ್ಮ ಕರೆಂಟಿನ ಫ್ರೀಕ್ವೆನ್ಸಿಯದ್ದೇ, ಅಂದ್ರೆ 50 ಅಥವಾ 60 ಹರ್ಟ್ಸ್‌ದು, ಮೆತ್ತಗೆ ಇರತ್ತೆ, ಹೀಟರ್ ಅಥವಾ ಅರ್ಥಿಂಗ್ ಕಡೆಯಿಂದ ಬಂದಿದ್ದು, ಅದರ ಡಬಲ್, 100 ಅಥವಾ 120 ಹರ್ಟ್ಸ್‌ದು, ಒರಟಾಗಿ ಝುರ್ರ್ ಅನ್ನತ್ತೆ, ಅದು ಪವರ್ ಸಪ್ಲೈ ಫಿಲ್ಟರ್ ಕೆಪಾಸಿಟರ್ ಒಣಗ್ತಿರೋದ್ರ ಲಕ್ಷಣ ಆಗಿರ್ಬೋದು. ವಾಲ್ಯೂಮ್ ಏರ್ಸಿದ ಹಾಗೆ ಗುಂಯ್ ಜಾಸ್ತಿ ಆದ್ರೆ ತೊಂದ್ರೆ ವಾಲ್ಯೂಮ್ ಕಂಟ್ರೋಲ್‌ಗಿಂತ ಮುಂದಿದೆ, ಕೇಬಲ್ಲೋ ಸೋರ್ಸೋ. ಏರ್ಸಿದ್ರೂ ಇಳ್ಸಿದ್ರೂ ಅಷ್ಟೇ ಇದ್ರೆ ಆಂಪ್‌ನದ್ದೇ.

ಆಮೇಲೆ ಪೆನ್ಸಿಲ್ ಹಿಂಭಾಗದಲ್ಲಿ ಚಿಕ್ಕ ಟ್ಯೂಬ್‌ಗಳನ್ನ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಸಣ್ಣದಾಗಿ ಟಕ್ ಅಂದ್ರೆ ಪರ್ವಾಗಿಲ್ಲ, ಟಿಂಗ್ ಅಂತ ಗಂಟೆ ಹಾಗೆ ಎಳೆದ್ರೆ ಆ ಟ್ಯೂಬ್ ಮೈಕ್ರೊಫೋನಿಕ್ (ಅಲುಗಾಟವನ್ನೂ ಸದ್ದು ಮಾಡತ್ತೆ), ಚಟಪಟ ಅಂದ್ರೆ ಸಾಕೆಟ್ಟಿನ ಕಾಂಟ್ಯಾಕ್ಟ್ ಕೊಳೆಯಾಗಿದೆ. ಎರಡೂ ಸರಿ ಮಾಡ್ಬೋದಾದ ತೊಂದ್ರೆ, ಬೆಲೆ ಇಳಿಸೋಕೆ ಅನುಕೂಲ. ದೊಡ್ಡ ಟ್ಯೂಬ್ ಮುಟ್ಟಕ್ಕೆ ಹೋಗ್ಬೇಡಿ, ಚರ್ಮ ಅಂಟ್ಕೊಳ್ಳತ್ತೆ.

ಅರ್ಧ ಗಂಟೆ ಕಾಯ್ಲಿ ಬಿಡಿ, ಆಮೇಲೆ ಕೇಳೋಕೆ ಕೂತ್ಕೊಳ್ಳಿ. ಆಡಿಯೋ ಶೋಗೆ ಅಂತ ಮಾಡಿರೋ ಫಳಫಳ ರೆಕಾರ್ಡಿಂಗ್ ಬೇಡ, ನಿಮಗೆ ಬಾಯಿಪಾಠ ಆಗಿರೋದು ತಗೊಂಡು ಹೋಗಿ. ನಾನಾದ್ರೆ ಮೊದಲು ಡಬಲ್ ಬಾಸ್ ಇರೋದು ಹಾಕ್ತೀನಿ, ಒಂದೊಂದು ತಂತಿ ಮೀಟಿದಾಗ ಆ ಸ್ವರ ಶುರುವಾಗಿದ್ದೂ ನಿಂತಿದ್ದೂ ಎರಡೂ ಗೊತ್ತಾಗ್ಬೇಕು, ಎಲ್ಲ ಸ್ವರಾನೂ ಒಂದೇ ಥರ ಬೂಂ ಅಂದ್ರೆ ಆ ಆಂಪ್ ನಿಮ್ಮ ಸ್ಪೀಕರ್‌ನ ಹಿಡಿದು ನಿಲ್ಲಿಸ್ತಿಲ್ಲ. ಆಮೇಲೆ ಪಿಯಾನೊ, ಹಲವು ಸ್ವರ ಒಟ್ಟಿಗೆ ಜೋರಾಗಿ ಒತ್ತಿದಾಗ ದನಿ ಒಡೆಯುತ್ತಾ ನೋಡೋಕೆ. ಕೊನೆಗೆ ಒಂದು ಕೋರಸ್, ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಹಾಡೋದು, ಒಂಟಿ ಹೆಣ್ಣುದನಿಯಲ್ಲಿ ಎಲ್ಲಾ ಟ್ಯೂಬ್ ಆಂಪ್‌ಗಳೂ ಸೊಗಸಾಗೇ ಇರತ್ವೆ, ಕೋರಸ್ ಬಂದಾಗ ಡಿಸ್ಟಾರ್ಷನ್ ಇರೋದು ಮಂಜು ಕವಿದಂಗೆ ಕಲಸಿ ಹೋಗತ್ತೆ.

ಎರಡು ಆಂಪ್ ಹೋಲಿಸೋದಾದ್ರೆ ಸದ್ದು ಸಮ ಮಾಡ್ಕೊಳ್ದೆ ಹೋಲಿಸ್ಲೇಬೇಡಿ. ಅರ್ಧ ಡಿಬಿ ಜೋರಿದ್ರೂ ಅದು ಜೋರು ಅಂತ ಅನ್ಸಲ್ಲ, ಚೆನ್ನಾಗಿದೆ ಅಂತ ಅನ್ಸತ್ತೆ, ಮಾರೋರಿಗೆ ಇದು ಚೆನ್ನಾಗಿ ಗೊತ್ತು. 300 ಹರ್ಟ್ಸ್ ಆಸುಪಾಸಿನ ಟೋನ್ ಹಾಕಿ, ಮಲ್ಟಿಮೀಟರ್‌ನ ಎಸಿ ವೋಲ್ಟ್‌ಗೆ ಇಟ್ಟು ಸ್ಪೀಕರ್ ಟರ್ಮಿನಲ್‌ನಲ್ಲಿ ಅಳೀರಿ, ಎರಡೂ ಒಂದೇ ತೋರಿಸೋ ತನಕ ವಾಲ್ಯೂಮ್ ಹೊಂದಿಸಿ. ಇನ್ನೂ ಮೇಲಿನ ಟೋನ್ ಬೇಡ, ಸಾದಾ ಮೀಟರ್‌ಗಳು ಅಲ್ಲಿ ತಪ್ಪು ತೋರಿಸ್ಬೋದು.

ಪ್ರಶ್ನೆ: ಫಿಕ್ಸೆಡ್ ಬಯಾಸ್, ಆಟೋ ಬಯಾಸ್ ಅಂತಾರಲ್ಲ, ಯಾವುದು ತಗೊಳ್ಲಿ? ನನ್ನ ಸ್ನೇಹಿತರ ಇಎಲ್34 ಆಂಪ್‌ನಲ್ಲಿ ಒಂದು ಟ್ಯೂಬ್ ಒಳಗಿನ ತಗಡು ಕೆಂಪಗೆ ಕಾದಿತ್ತು, ನೋಡಿ ಭಯ ಆಯ್ತು.

ಉತ್ತರ: ಭಯ ಪಟ್ಟಿದ್ದು ಸರಿ. ಹೀಟರ್ ಕಿತ್ತಳೆ ಬಣ್ಣಕ್ಕೆ ಹೊಳೀಬೇಕು, ಆದ್ರೆ ಹೊರಗಿನ ಬೂದು ತಗಡು, ಅಂದ್ರೆ ಪ್ಲೇಟು, ಯಾವತ್ತೂ ಕೆಂಪಾಗ್ಬಾರ್ದು. ಕಂಡ ಕ್ಷಣ ಆಫ್ ಮಾಡಿ. ತಣ್ಣಗಾದ ಮೇಲೆ ಆ ಟ್ಯೂಬನ್ನೂ ಪಕ್ಕದ್ದನ್ನೂ ಅದಲುಬದಲು ಮಾಡಿ, ಕಣ್ಣು ಕೀಳದೆ ನೋಡ್ತಾ ಒಂದೆರಡು ನಿಮಿಷ ಆನ್ ಮಾಡಿ. ಕೆಂಪು ಟ್ಯೂಬ್ ಜೊತೆ ಹೊಸ ಜಾಗಕ್ಕೆ ಹೋಯ್ತಾ, ಟ್ಯೂಬ್ ಕೆಟ್ಟಿದೆ. ಅದೇ ಸಾಕೆಟ್‌ನಲ್ಲಿ ಉಳೀತಾ, ಟ್ಯೂಬ್ ಪಾಪ ಏನೂ ಮಾಡಿಲ್ಲ, ಸೋರ್ತಿರೋ ಕಪ್ಲಿಂಗ್ ಕೆಪಾಸಿಟರ್ರೋ ಬಯಾಸ್ ವೋಲ್ಟೇಜ್ ಬರ್ದಿರೋದೋ ಕಾರಣ, ರಿಪೇರಿಯವರ ಹತ್ರ ಕೊಡಿ. ಎಷ್ಟೋ ಜನ ಇಲ್ಲಿ ಹೊಸ ಟ್ಯೂಬ್ ತಂದು ತಂದು ಸುಡ್ತಾರೆ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅಂದ ಹಾಗೆ ಗಾಜಿನ ಒಳಮೈಯಲ್ಲಿ ಕಾಣೋ ನೀಲಿ ಬೆಳಕಿಗೆ ಹೆದರ್ಬೇಡಿ, ಅದು ಸಹಜ. ತಗಡುಗಳ ಮಧ್ಯ ಗುಲಾಬಿ-ನೇರಳೆ ಮಂಜು ತುಂಬಿದ್ರೆ ಮಾತ್ರ ಒಳಗೆ ಗ್ಯಾಸ್ ಸೇರಿದೆ.

ಬಯಾಸ್, ಅಂದ್ರೆ ಹಾಡಿಲ್ದಾಗ ಟ್ಯೂಬ್‌ನಲ್ಲಿ ಎಷ್ಟು ಕರೆಂಟು ಹರೀಬೇಕು ಅಂತ ಕೂರಿಸೋದು, ಆ ವಿಷ್ಯಕ್ಕೆ ಬಂದ್ರೆ, ಆಟೋ ಅಥವಾ ಕ್ಯಾಥೋಡ್ ಬಯಾಸ್‌ನಲ್ಲಿ ಕ್ಯಾಥೋಡ್ ರೆಸಿಸ್ಟರ್ರೇ ಕರೆಂಟನ್ನ ತಕ್ಕಮಟ್ಟಿಗೆ ಹತೋಟಿಯಲ್ಲಿ ಇಡತ್ತೆ, ನೀವು ಏನೂ ಮುಟ್ಟೋ ಅಗತ್ಯ ಇಲ್ಲ, ಬದಲಿಗೆ ಸ್ವಲ್ಪ ಪವರ್ ಕಮ್ಮಿ. ಫಿಕ್ಸೆಡ್‌ನಲ್ಲಿ ಪವರ್ ಜಾಸ್ತಿ, ಆದ್ರೆ ಟ್ಯೂಬ್ ಬದಲಾಯಿಸಿದಾಗ್ಲೂ ಆಗಾಗ್ಲೂ ನೀವೇ ಸೆಟ್ ಮಾಡ್ಬೇಕು. ಸೆಟ್ ಮಾಡೋದು ಅಂದ್ರೆ ಹೀಗೆ: ಇಎಲ್34 ಪ್ಲೇಟ್ ತಡ್ಕೊಳ್ಳೋದು 25 ವಾಟ್. ನಿಮ್ಮ ಆಂಪ್‌ನಲ್ಲಿ ಪ್ಲೇಟ್‌ಗೆ 400 ವೋಲ್ಟ್ ಇದ್ದು 40 ಮಿಲಿಆಂಪ್ ಹರೀತಿದ್ರೆ 16 ವಾಟ್, ಅಂದ್ರೆ 64 ಪರ್ಸೆಂಟ್, ಟ್ಯೂಬ್ ನೆಮ್ಮದಿಯಾಗಿರತ್ತೆ. 60 ಮಿಲಿಆಂಪ್ ಮಾಡಿದ್ರೆ 24 ವಾಟ್, ಅದು ಅಂಚು. ಹೊರಗೆ ಟೆಸ್ಟ್ ಪಾಯಿಂಟ್ ಕೊಟ್ಟಿರ್ತಾರೆ, ಒಳಗೆ 10 ಓಮ್ ರೆಸಿಸ್ಟರ್ ಇದ್ರೆ 40 ಮಿಲಿಆಂಪ್‌ಗೆ ಮೀಟರ್ 0.4 ವೋಲ್ಟ್ ತೋರಿಸತ್ತೆ, 1 ಓಮ್ ಇದ್ರೆ 40 ಮಿಲಿವೋಲ್ಟ್. ಎಷ್ಟಿರ್ಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇರೋದೇ ಅಂತಿಮ. ಮೀಟರ್ ಹಿಡಿಯೋಕೆ ಬೇಜಾರು ಅನ್ನೋರು ಆಟೋ ಬಯಾಸ್ ತಗೊಳ್ಳಿ, ಆ 5-10 ವಾಟ್ ಹೋದ್ರೆ ನಿಮಗೆ ಗೊತ್ತೂ ಆಗಲ್ಲ. ಟೆಸ್ಟ್ ಪಾಯಿಂಟ್ ಹೊರಗಿಲ್ಲ, ತಳ ಬಿಚ್ಬೇಕು ಅನ್ನೋ ಆಂಪ್ ಆದ್ರೆ ನೀವು ಬಿಚ್ಬೇಡಿ, ಒಳಗೆ 400 ವೋಲ್ಟ್ ಡಿಸಿ ಇದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರತ್ತೆ, ಜೀವ ಹೋಗತ್ತೆ.

ಪ್ರಶ್ನೆ: ತಾತನ ಕಾಲದ ವಾಲ್ವ್ ಆಂಪ್ ಅಟ್ಟದಲ್ಲಿ ಸಿಕ್ತು. ಧೂಳು ಹೊಡೆದು ಪ್ಲಗ್ ಹಾಕ್ಲಾ?

ಉತ್ತರ: ಖಂಡಿತ ಬೇಡ. ದಶಕಗಳಿಂದ ಕರೆಂಟ್ ಕಾಣ್ದಿರೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಏಕಾಏಕಿ ಪೂರ್ತಿ ವೋಲ್ಟೇಜ್ ಬಿದ್ರೆ ಶಾರ್ಟ್ ಆಗಿ ಪವರ್ ಟ್ರಾನ್ಸ್‌ಫಾರ್ಮರ್‌ನ ಜೊತೆಗೆ ಕರ್ಕೊಂಡು ಹೋಗತ್ತೆ, ಹಳೇ ಆಂಪ್‌ನಲ್ಲಿ ಮತ್ತೆ ಸಿಗದೇ ಇರೋ ವಸ್ತು ಅಂದ್ರೆ ಅದೇ ಟ್ರಾನ್ಸ್‌ಫಾರ್ಮರ್. ಹಳೇ ಪೇಪರ್ ಕಪ್ಲಿಂಗ್ ಕೆಪಾಸಿಟರ್‌ಗಳು ಸೋರತ್ವೆ, ಅವನ್ನೂ ಎಲೆಕ್ಟ್ರೋಲಿಟಿಕ್‌ಗಳನ್ನೂ ಪರೀಕ್ಷೆ ಗಿರೀಕ್ಷೆ ಇಲ್ದೆ ಬದಲಾಯಿಸ್ಬಿಡೋದೇ ವಾಸಿ. ವಯರಿನ ರಬ್ಬರ್ ಪುಡಿಪುಡಿ ಆಗಿರತ್ತೆ, ಅರ್ಥ್ ಇರಲ್ಲ, ವೋಲ್ಟೇಜ್ ಸೆಲೆಕ್ಟರ್ 110ಕ್ಕೆ ಇದೆಯೋ 220ಕ್ಕೆ ಇದೆಯೋ ನೋಡಿರಲ್ಲ. ಹಳೇ ರೇಡಿಯೋ ರಿಪೇರಿ ಗೊತ್ತಿರೋರಿಗೆ ಕೊಟ್ರೆ ಅವರು ಮೊದಲ ಸಲ ಸೀರೀಸ್ ಬಲ್ಬ್ ಹಾಕಿ ಆನ್ ಮಾಡ್ತಾರೆ, ಒಳಗೆ ಶಾರ್ಟ್ ಇದ್ರೆ ಬಲ್ಬ್ ಪೂರ್ತಿ ಉರಿಯತ್ತೆ, ಆಂಪ್ ಉಳಿಯತ್ತೆ. ಹಳೇ ಬಿಡಿಭಾಗ ಬದಲಾಯಿಸಿದ್ರೆ ಅಸಲಿತನ ಹೋಗತ್ತೆ ಅನ್ನೋರ ಮಾತು ಕೇಳ್ಬೇಡಿ, ಬೇಕಿದ್ರೆ ಕಿತ್ತಿದ್ದನ್ನ ಒಂದು ಡಬ್ಬಿಯಲ್ಲಿ ಹಾಕಿಟ್ಕೊಳ್ಳಿ.

ಪ್ರಶ್ನೆ: ಹೊಸ ಆಂಪ್ ಬಂದು ಸ್ವಲ್ಪ ದಿನ ಆಯ್ತು. ಹಳೇ ಕಾಲದ ಮುಲ್ಲಾರ್ಡ್ ಟ್ಯೂಬ್ ಹಾಕು, ಸೌಂಡೇ ಬದಲಾಗತ್ತೆ ಅಂತಿದಾರೆ. 12ಎಎಕ್ಸ್7 ಬದಲು 12ಎಯು7 ಹಾಕ್ಬೋದಾ? ಪಿನ್ ಒಂದೇ ಅಲ್ವಾ?

ಉತ್ತರ: ಪಿನ್ ಒಂದೇ, ಗುಣ ಒಂದೇ ಅಲ್ಲ. 12ಎಎಕ್ಸ್7ರ ಗೇನ್ ಫ್ಯಾಕ್ಟರ್ 100, 12ಎಟಿ7ದು 60, 12ಎಯು7ದು 20ರ ಹತ್ರ. ಹಾಕಿದ್ರೆ ಕೂರತ್ತೆ, ಸದ್ದೂ ಬರತ್ತೆ, ಆದ್ರೆ ಅಲ್ಲಿನ ರೆಸಿಸ್ಟರ್‌ಗಳೆಲ್ಲ ಇನ್ನೊಂದಕ್ಕೆ ಲೆಕ್ಕ ಹಾಕಿ ಇಟ್ಟಿರೋದ್ರಿಂದ ಟ್ಯೂಬ್ ತನ್ನ ಜಾಗ ಬಿಟ್ಟು ಕೆಲಸ ಮಾಡತ್ತೆ, ಫೀಡ್‌ಬ್ಯಾಕ್ ಲೆಕ್ಕಾನೂ ತಪ್ಪತ್ತೆ. ಗೇನ್ ಕಮ್ಮಿ ಮಾಡ್ಬೇಕು ಅಂದ್ರೆ 5751 ಹಾಕಿ ನೋಡಿ, ಅದರದ್ದು 70. ಯುರೋಪಿನ ಹೆಸರಲ್ಲಿ ಇಸಿಸಿ83 ಅಂದ್ರೂ 12ಎಎಕ್ಸ್7 ಅಂದ್ರೂ ಅದೇ ಟ್ಯೂಬು, ಎರಡು ಬೇರೆ ಅಂತ ಎರಡೆರಡು ಸಲ ಕೊಂಡವರಿದಾರೆ.

ಮುಲ್ಲಾರ್ಡ್ ಅಂತ ಬರೆದಿದೆ ಅಂದ ಮಾತ್ರಕ್ಕೆ ಅದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಫ್ಯಾಕ್ಟರಿದು ಅಂತ ಅಂದ್ಕೋಬೇಡಿ. ಮುಲ್ಲಾರ್ಡ್, ಟಂಗ್-ಸಾಲ್ ಹೆಸರುಗಳು ಈಗ ನ್ಯೂ ಸೆನ್ಸರ್ ಅನ್ನೋ ಕಂಪನಿದು, ಆ ಹೆಸರಲ್ಲಿ ಬರೋ ಹೊಸ ಟ್ಯೂಬ್‌ಗಳನ್ನ ಮಾಡೋದು ರಷ್ಯಾದ ಸರಾಟೋವ್‌ನಲ್ಲಿ. ಅವು ಕೆಟ್ಟವಲ್ಲ, ಆದ್ರೆ ಅವು ಹಳೇವಲ್ಲ. ಸ್ಲೊವಾಕಿಯಾದ ಜೆಜೆ, ಚೀನಾದ ಪ್ಸ್ವೇನ್ (Psvane), 300ಬಿ ಬೇಕಾದ್ರೆ ಅಮೆರಿಕದಲ್ಲಿ ಮತ್ತೆ ಶುರುವಾಗಿರೋ ವೆಸ್ಟರ್ನ್ ಎಲೆಕ್ಟ್ರಿಕ್, ಹೊಸದು ಬೇಕಾದಷ್ಟು ಸಿಗತ್ತೆ. ನಿಜವಾದ ಹಳೇ ಸ್ಟಾಕ್ ಅಂತ ಮಾರೋದ್ರಲ್ಲಿ ಅಕ್ಷರ ಅಳಿಸಿ ಮತ್ತೆ ಪ್ರಿಂಟ್ ಮಾಡಿದ್ದೂ, ಬಳಸಿ ತೊಳೆದಿಟ್ಟಿದ್ದೂ ಸೇರಿರತ್ತೆ, ಟೆಸ್ಟರ್‌ನಲ್ಲಿ ಅಳೆದ ನಂಬರ್ ಕೊಡ್ದಿದ್ರೆ ತಗೋಬೇಡಿ. ಆಂಪ್‌ಗಿಂತ ಜಾಸ್ತಿ ದುಡ್ಡು ಟ್ಯೂಬ್‌ಗೆ ಸುರಿದು ಮೂಗಿಗಿಂತ ಮೂಗುತಿ ಭಾರ ಮಾಡ್ಕೊಂಡಿರೋರ ಪತ್ರಗಳು ನಮಗೆ ಬರ್ತಾನೇ ಇರತ್ವೆ. ಒಂದು ಜೊತೆ ಬಿಡಿ ಔಟ್‌ಪುಟ್ ಟ್ಯೂಬ್ ಮನೇಲಿರ್ಲಿ, ಮ್ಯಾಚ್ ಆಗಿರೋದು, ಉಳಿದ ದುಡ್ಡಲ್ಲಿ ಸ್ಪೀಕರ್ ಕಡೆ ನೋಡಿ.

ಪ್ರಶ್ನೆ: ಟ್ರಾನ್ಸಿಸ್ಟರ್ ಆಂಪ್‌ಗಳು ಅಳತೆಯಲ್ಲಿ ಎಷ್ಟೋ ಮೇಲು, ಟ್ಯೂಬ್ ಅಂದ್ರೆ ದುಡ್ಡು ಕೊಟ್ಟು ಡಿಸ್ಟಾರ್ಷನ್ ಕೊಳ್ಳೋದು ಅಂತ ತಮ್ಮ ಆಡ್ಕೋತಾನೆ. ಏನು ಹೇಳ್ಲಿ?

ಉತ್ತರ: ಅಳತೆ ಬಗ್ಗೆ ನಿಮ್ಮ ತಮ್ಮ ಹೇಳೋದು ನಿಜ, ಒಪ್ಕೊಂಡ್ಬಿಡಿ. ಆದ್ರೆ ಟ್ಯೂಬ್ ಅಂದ್ರೇನೇ ಡಿಸ್ಟಾರ್ಷನ್ ಅನ್ನೋದು ಅಷ್ಟು ನಿಜ ಅಲ್ಲ, ಲೀಕ್ ಕಂಪನಿಯೋರು 1945ರಲ್ಲೇ 0.1 ಪರ್ಸೆಂಟ್ ಡಿಸ್ಟಾರ್ಷನ್‌ನ ಟ್ಯೂಬ್ ಆಂಪ್ ಮಾಡಿ ಅದನ್ನೇ ಹೆಸರಾಗಿಟ್ಟು ಪಾಯಿಂಟ್ ಒನ್ ಅಂತ ಮಾರಿದ್ರು. ಈಗಿನ ಎಷ್ಟೋ ಸಿಂಗಲ್ ಎಂಡೆಡ್‌ಗಳು ಅದರ ಹತ್ರಾನೂ ಬರಲ್ಲ, ಬೇಕಂತ್ಲೇ ಬರಲ್ಲ, ಅದರ ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡರಷ್ಟು ಫ್ರೀಕ್ವೆನ್ಸಿಯ ಸದ್ದು) ದನಿಗೆ ಮೈ ತುಂಬ್ಸತ್ತೆ ಅಂತ ಇಷ್ಟಪಡೋರಿಗೆ ಮಾಡಿರೋದು. ಪುಶ್-ಪುಲ್‌ನಲ್ಲಿ ಆ ಎರಡನೇದು ಬಹುಪಾಲು ವಜಾ ಆಗತ್ತೆ, ಅದಕ್ಕೇ ಎರಡರ ಸೌಂಡೂ ಬೇರೆ.

1985ರಲ್ಲಿ ಬಾಬ್ ಕಾರ್ವರ್ ಅನ್ನೋ ಆಂಪ್ ಡಿಸೈನರ್ರು ಸ್ಟೀರಿಯೊಫೈಲ್ ಪತ್ರಿಕೆಯೋರ ಜೊತೆ ಪಂದ್ಯ ಕಟ್ಟಿ, ತಮ್ಮ ಟ್ರಾನ್ಸಿಸ್ಟರ್ ಆಂಪ್‌ನ ತಿದ್ದಿ ತಿದ್ದಿ ದುಬಾರಿ ಟ್ಯೂಬ್ ಆಂಪ್ ಒಂದರ ಥರಾನೇ ಕೇಳ್ಸೋ ಹಾಗೆ ಮಾಡಿ ತೋರಿಸಿದ್ರು, ಕೇಳಿದವರಿಗೆ ವ್ಯತ್ಯಾಸ ಹಿಡಿಯೋಕಾಗ್ಲಿಲ್ಲ. ನಿಮ್ಮ ಮನೇಲೂ ಅದರ ಚಿಕ್ಕ ರೂಪ ಮಾಡ್ಬೋದು: ಟ್ರಾನ್ಸಿಸ್ಟರ್ ಆಂಪ್‌ನ ಪ್ಲಸ್ ವಯರಿಗೂ ಸ್ಪೀಕರ್‌ಗೂ ಮಧ್ಯ 2 ಓಮ್, 20 ವಾಟ್‌ನ ರೆಸಿಸ್ಟರ್ ಎರಡೂ ಚಾನೆಲ್‌ಗೆ ಹಾಕಿ, ವಾಲ್ಯೂಮ್ ಸ್ವಲ್ಪ ಏರ್ಸಿ ಕೇಳಿ. ಮಾಮೂಲಿ ಮಟ್ಟದಲ್ಲಿ ಕೇಳಿ, ಪಾರ್ಟಿ ವಾಲ್ಯೂಮ್ ಬೇಡ, ರೆಸಿಸ್ಟರ್ ಕಾಯತ್ತೆ. ಅದರಲ್ಲೇ ನಿಮಗೆ ಬೇಕಾಗಿದ್ದ ಮೃದುತನ ಸಿಕ್ಬಿಟ್ರೆ ನೀವು ಇಷ್ಟಪಟ್ಟಿದ್ದು ಔಟ್‌ಪುಟ್ ಇಂಪೀಡೆನ್ಸ್‌ನ, ಟ್ಯೂಬ್‌ನ ಅಲ್ಲ, ದುಡ್ಡು ಉಳೀತು. ಸಿಗ್ಲಿಲ್ಲ ಅಂದ್ರೆ ಟ್ಯೂಬ್ ಆಂಪ್ ಹುಡ್ಕೋಕೆ ಹೊರಡಿ, ತಮ್ಮನ್ನೂ ಕರ್ಕೊಂಡು ಹೋಗಿ, ಹೊರೋಕೆ ಒಬ್ರು ಬೇಕಾಗತ್ತೆ.

ಪ್ರಶ್ನೆ: ಹಿಂದೆ 4, 8, 16 ಅಂತ ಮೂರು ಟರ್ಮಿನಲ್ ಇದೆ, ಯಾವುದಕ್ಕೆ ಹಾಕೋದು? ದಿನವಿಡೀ ಆನ್ ಇಡ್ಬೋದಾ? ಟ್ಯೂಬ್ ಎಷ್ಟು ವರ್ಷ ಬರತ್ತೆ?

ಉತ್ತರ: 8 ಓಮ್ ಸ್ಪೀಕರ್‌ಗೆ 8ರಿಂದ ಶುರು ಮಾಡಿ, ಆಮೇಲೆ 4ಕ್ಕೆ ಹಾಕಿ ಕೇಳಿ. 4ರಲ್ಲಿ ಪವರ್ ಸ್ವಲ್ಪ ಕಮ್ಮಿ ಆಗತ್ತೆ, ಔಟ್‌ಪುಟ್ ಇಂಪೀಡೆನ್ಸೂ ಕಮ್ಮಿ ಆಗೋದ್ರಿಂದ ಬಾಸ್ ಬಿಗಿಯಾಗತ್ತೆ, ಎಷ್ಟೋ ಸ್ಪೀಕರ್‌ಗೆ ಅದೇ ಹೊಂದತ್ತೆ. ಕಿವಿಗೆ ಹಿಡಿಸಿದ್ದು ಇಟ್ಕೊಳ್ಳಿ, ಏನೂ ಹಾಳಾಗಲ್ಲ. ಬದಲಾಯಿಸೋವಾಗ ಮಾತ್ರ ಆಂಪ್ ಆಫ್ ಇರ್ಬೇಕು, ಸ್ಪೀಕರ್ ಕನೆಕ್ಟ್ ಆಗ್ದೆ ಟ್ಯೂಬ್ ಆಂಪ್‌ಗೆ ಸಿಗ್ನಲ್ ಕೊಟ್ರೆ ಟ್ರಾನ್ಸ್‌ಫಾರ್ಮರ್ ಪ್ರೈಮರಿಯಲ್ಲಿ ವೋಲ್ಟೇಜು ಎಗರಿ ಒಳಗೇ ಕಿಡಿ ಹಾರಿ ಸುಟ್ಟುಹೋಗ್ಬೋದು. ಟ್ರಾನ್ಸಿಸ್ಟರ್ ಆಂಪ್‌ಗೆ ಶಾರ್ಟ್ ಆಗ್ಬಾರ್ದು, ಇದಕ್ಕೆ ಓಪನ್ ಆಗ್ಬಾರ್ದು.

ದಿನವಿಡೀ ಬೇಡ. ಔಟ್‌ಪುಟ್ ಟ್ಯೂಬ್‌ಗಳ ಆಯಸ್ಸು ಸಾಮಾನ್ಯವಾಗಿ 2000ದಿಂದ 5000 ಗಂಟೆ, ಚಿಕ್ಕ ಟ್ಯೂಬ್‌ಗಳದ್ದು 10,000 ದಾಟ್ಬೋದು. ದಿನಕ್ಕೆ ಮೂರು ಗಂಟೆ ಕೇಳಿದ್ರೆ ಔಟ್‌ಪುಟ್ ಟ್ಯೂಬ್ ಹೆಚ್ಚುಕಮ್ಮಿ ಎರಡರಿಂದ ನಾಲ್ಕೂವರೆ ವರ್ಷ, 24 ಗಂಟೆ ಇಟ್ರೆ ಕೆಲವು ತಿಂಗಳು. ಹಾಡು ಮುಗಿದು ಊಟಕ್ಕೆ ಎದ್ದು ಬಂದು ಮತ್ತೆ ಕೇಳೋದಾದ್ರೆ ಆನ್ ಇರ್ಲಿ, ಮಲಗೋಕೆ ಹೋಗೋದಾದ್ರೆ ಆಫ್. ಸುತ್ತ ಗಾಳಿ ಆಡ್ಲಿ, ಮುಚ್ಚಿದ ಕಪಾಟಿನಲ್ಲಿ ಇಡ್ಬೇಡಿ, ಮನೇಲಿ ಚಿಕ್ಕ ಮಕ್ಕಳಿದ್ರೆ ಜಾಲರಿ ತೆಗೀಬೇಡಿ, ಫೋಟೋದಲ್ಲಿ ಚೆನ್ನಾಗಿ ಕಾಣ್ದಿದ್ರೂ ಪರ್ವಾಗಿಲ್ಲ.